ಮಗುವಿಗೊಂದು ಪುಟ್ಟ ಸಂಗಾತಿ: ಸಾಕುಜೀವಿಗಳು ನಡೆದುಬಂದ ದಾರಿ

ನಮ್ಮ ಚಿಕ್ಕವಳಿಗೆ ಈಗ ಐದು ವರ್ಷ. ಗೆಳತಿಯ ಮನೆಯಲ್ಲಿ ಪಂಜರದ ಹಕ್ಕಿ ನೋಡಿ ಬಂದ ದಿನದಿಂದ ಒಂದೇ ಹಟ: "ಅಮ್ಮಾ, ನಮ್ಮನೆಗೂ ಏನಾದ್ರೂ ತರೋಣ." ರುಸೈಲ್‌ನ ಕಾರ್ಖಾನೆಯಿಂದ ಸಂಜೆ ದಣಿದು ಬಂದ ನಮ್ಮ ಮನೆಯವರು, "ಹೆಚ್ಚು ಕೆಲಸ ಇಲ್ಲದ್ದು ಯಾವುದಾದರೂ ಇದ್ದರೆ ತರೋಣ ಬಿಡು" ಎಂದರು. ಗೂಡು ತೊಳೆಯುವವರು ಯಾರೆಂದು ನನಗೆ ಗೊತ್ತಿದ್ದರಿಂದ ನಗು ಬಂತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಒಂಬತ್ತನೆಯ ತರಗತಿಯ ದೊಡ್ಡವಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು: "ಸತ್ತುಹೋದರೆ ಈ ಸಲವೂ ಸಮುದ್ರಕ್ಕೆ ಬಿಟ್ಟು ಬಂದೆ ಅಂತೀಯಾ?" ಅವಳು ನಾಲ್ಕು ವರ್ಷದವಳಿದ್ದಾಗ ಗುಂಡನೆಯ ಗಾಜಿನ ಬಟ್ಟಲಲ್ಲಿ ಒಂದು ಗೋಲ್ಡ್‌ಫಿಶ್ ತಂದಿದ್ದೆವು. ಎರಡು ವಾರವೂ ಬದುಕಲಿಲ್ಲ. ಸೀಬ್ ಕಡಲಿಗೆ ಬಿಟ್ಟು ಬಂದೆ ಎಂದು ನಾನು ಸುಳ್ಳು ಹೇಳಿದ್ದೆ. ಮಗು ಮರೆತಿರಲಿಲ್ಲ.

ಈ ಸಲ ಅಂಗಡಿಗೆ ಹೋಗುವ ಮೊದಲು, ಈ ಪುಟ್ಟ ಜೀವಿಗಳು ಎಲ್ಲಿಂದ ಬಂದವು, ಮನುಷ್ಯನ ಮನೆ ಸೇರಿದ್ದು ಹೇಗೆ ಎಂದು ತಿಳಿಯೋಣವೆಂದು ಓದತೊಡಗಿದೆ. ತಿಳಿದದ್ದನ್ನು ನಮ್ಮ ಸಂಘದ ತಾಯಿ ತಂದೆಯರ ಮುಂದಿಡುತ್ತಿದ್ದೇನೆ.

ಆತಕೂರಿನ ಕಲ್ಲು

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ, ಬೇಕಾದ್ದು ಕೇಳು ಎಂದು ದೊರೆ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ಆ ಕಲ್ಲನ್ನು ಪೂಜಿಸದೆ ಊಟ ಮಾಡುವ ಗೊರವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ.

ಸತ್ತ ನಾಯಿಯ ವಿಷಯದಲ್ಲೇ ಇಷ್ಟು ಕಟ್ಟುನಿಟ್ಟು. ಮೊದಲು ಅದರ ಸೇವೆ, ಆಮೇಲೆ ನಿನ್ನ ಊಟ. ಪ್ರಾಣಿ ಸಾಕುವ ಧರ್ಮವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಬಾರದು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ನಾಯಿ, ಕೋಳಿ, ಲಾವಕ್ಕಿ, ಪಾರಿವಾಳ, ಮೀನುಗಳೆಲ್ಲ ಅರಸರ ವಿನೋದಗಳಾಗಿ ಬರುತ್ತವೆ. ಅರಸರಿಗೆ ಅವು 'ಕೆಲಸ ಇಲ್ಲದ' ಪ್ರಾಣಿಗಳೇ ಸರಿ. ಸಗಣಿ ಬಾಚಲು ಆಳುಗಳಿದ್ದರು. ನಮ್ಮ ಅಜ್ಜಿಯರ ಹಳ್ಳಿಮನೆಯಲ್ಲೂ ಬೆಕ್ಕು ನಾಯಿಗಳು ಉಳಿದ ಅನ್ನ ತಿಂದು, ಹತ್ತು ಜನರ ಕಣ್ಣಳತೆಯಲ್ಲಿ ಬೆಳೆದವು. ಎರಡು ಕೋಣೆಯ ಫ್ಲಾಟಿನಲ್ಲಿ ಆ ಹತ್ತು ಜನರ ಕೆಲಸ ಒಬ್ಬರ ಪಾಲಿಗೆ ಬರುತ್ತದೆ.

ಗಿಳಿ ಮತ್ತು ಲವ್‌ಬರ್ಡ್ಸ್

ಊರಿನಲ್ಲಿ ಪಂಜರದ ಗಿಳಿ ನೋಡಿ ಬೆಳೆದವರು ನಾವು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ, ಅದರಲ್ಲೂ 1990ರ ದಶಕದ ಆರಂಭದಿಂದ, ಭಾರತದಲ್ಲಿ ದೇಶಿ ಹಕ್ಕಿಗಳ ವ್ಯಾಪಾರ ನಿಷಿದ್ಧ. ನಮ್ಮ ಹಸಿರು ಗಿಳಿ ಈಗ ಮಸ್ಕತ್ತಿನ ಮರಗಳಲ್ಲೂ ಗುಂಪುಗುಂಪಾಗಿ ಕೂಗುತ್ತದೆ. ಗೊರವಂಕವೂ ಹೀಗೆಯೇ ಇಲ್ಲಿ ಬೇರೂರಿ, ಸ್ಥಳೀಯ ಹಕ್ಕಿಗಳಿಗೆ ಕಂಟಕವಾಗಿದೆ. ಒಮಾನಿನ ಪರಿಸರ ಪ್ರಾಧಿಕಾರವೇ ಅದರ ನಿಯಂತ್ರಣಕ್ಕೆ ಇಳಿಯಬೇಕಾಯಿತು. "ಸಾಕಲು ಆಗದಿದ್ದರೆ ಹಾರಿಬಿಟ್ಟರಾಯಿತು" ಎನ್ನುವವರು ಇದನ್ನು ಗಮನಿಸಬೇಕು.

ನಾವು 'ಲವ್‌ಬರ್ಡ್ಸ್' ಎಂದು ಕರೆಯುವ ಹಕ್ಕಿ ನಿಜವಾಗಿ ಲವ್‌ಬರ್ಡ್ ಅಲ್ಲ. ಆ ಹೆಸರಿನ ಹಕ್ಕಿ ಆಫ್ರಿಕದ್ದು. ನಮ್ಮದು ಆಸ್ಟ್ರೇಲಿಯದ ಬಡ್ಜೆರಿಗರ್. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ. ಒಣನಾಡಿನ ಹಕ್ಕಿಯಾದ್ದರಿಂದ ಕಾಳು ತಿಂದು, ಸ್ವಲ್ಪ ನೀರಿನಲ್ಲಿ ಬದುಕುತ್ತದೆ. ಹಾಗಾಗಿ ಸುಲಭವೆಂಬ ಹೆಸರು ಬಂತು. ಆದರೆ ಕಾಡಿನಲ್ಲಿ ಸಾವಿರಗಟ್ಟಲೆ ಗುಂಪಿನಲ್ಲಿ ಹಾರುವ ಹಕ್ಕಿಯನ್ನು ಒಂಟಿಯಾಗಿ ಪಂಜರದಲ್ಲಿಟ್ಟರೆ ಕೊರಗುತ್ತದೆ. ನಮ್ಮ ಅಡುಗೆಮನೆಯೂ ಅದಕ್ಕೆ ಅಪಾಯ: ದೋಸೆಗೆಂದು ಇಟ್ಟ ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದರೆ ಅದರಿಂದೇಳುವ ಹೊಗೆ ಹಕ್ಕಿಯ ಜೀವ ತೆಗೆಯಬಲ್ಲದು.

ಅಲೆಪ್ಪೋದ ಒಂದು ಬಿಲ

ಅಂಗಡಿಯ ಗಾಜಿನ ಹಿಂದೆ ಚಕ್ರ ತಿರುಗಿಸುವ ಹ್ಯಾಮ್‌ಸ್ಟರ್ ಕಂಡರೆ ಮಕ್ಕಳು ಕದಲುವುದಿಲ್ಲ. ಇದು ಅರಬ್ ನಾಡಿನದೇ ಕೂಸು. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೋ ಬಳಿ ಹೊಲವೊಂದನ್ನು ಅಗೆಸಿ, ಆಳದ ಬಿಲದಲ್ಲಿ ತಾಯಿ ಮತ್ತು ಮರಿಗಳನ್ನು ಹಿಡಿದ. ಕೆಲವು ಸತ್ತವು, ಕೆಲವು ತಪ್ಪಿಸಿಕೊಂಡವು. ಉಳಿದ ಮೂರ್ನಾಲ್ಕು ಮರಿಗಳ ಸಂತಾನವೇ ಇಂದು ಜಗತ್ತಿನ ಮನೆಗಳಲ್ಲಿರುವ ಬಹುತೇಕ ಎಲ್ಲ ಬಂಗಾರದ ಹ್ಯಾಮ್‌ಸ್ಟರ್‌ಗಳು. ತವರಿನ ಹೊಲಗಳಲ್ಲಿ ಮಾತ್ರ ಈ ಜೀವಿ ಅಳಿವಿನ ಅಂಚಿನಲ್ಲಿದೆ.

ಆ ಬಿಲವನ್ನು ನೆನೆದರೆ ಅದರ ಸ್ವಭಾವ ಅರ್ಥವಾಗುತ್ತದೆ. ಭೂಮಿಯೊಳಗೆ ಒಂಟಿಯಾಗಿ ಬಾಳುವ, ಪಂಜರದಲ್ಲಿ ಹೆಚ್ಚಾಗಿ ಕತ್ತಲಾದ ಮೇಲೆ ಏಳುವ ಪ್ರಾಣಿ. ನಮ್ಮ ಮಗು ಶಾಲೆಯಿಂದ ಬಂದು ಎತ್ತಿಕೊಳ್ಳಹೋದರೆ ನಿದ್ದೆಗೆಟ್ಟು ಕಚ್ಚುತ್ತದೆ. ಮಗು ಮಲಗಿದ ಮೇಲೆ ಚಕ್ರ ತಿರುಗಿಸುತ್ತದೆ. ಆಯುಷ್ಯ ಎರಡು ಮೂರು ವರ್ಷ. ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಏಸಿ ನಿಂತರೂ ಸಾಕು, ಬಿಲವಿಲ್ಲದ ಜೀವಕ್ಕೆ ಎಲ್ಲಿಯ ತಂಪು?

ಬೆರಳುದ್ದದ ಆಮೆಮರಿಯ ಬಗ್ಗೆ ಎರಡೇ ಮಾತು. ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತದೆಂದು ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. ಮೇಲಾಗಿ ಅದು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ನಮ್ಮ ವೀಸಾಕ್ಕಿಂತ ಅದರ ಆಯುಷ್ಯ ಉದ್ದ.

ಬಟ್ಟಲಿನ ಮೀನು, ಬಾವಿಯ ಮೀನು

ಇನ್ನು ನಮ್ಮ ಹಳೆಯ ಅಪರಾಧಕ್ಕೆ ಬರುತ್ತೇನೆ. ಗೋಲ್ಡ್‌ಫಿಶ್ ಚೀನಾದ್ದು. ಸಾವಿರ ವರ್ಷಗಳ ಹಿಂದೆ, ಸಾಂಗ್ ಅರಸರ ಕಾಲಕ್ಕಾಗಲೇ ಬೂದುಬಣ್ಣದ ಕೆರೆಮೀನಿನಲ್ಲಿ ಅಪರೂಪಕ್ಕೆ ಹುಟ್ಟುವ ಹೊಂಬಣ್ಣದ ಮೀನುಗಳನ್ನು ಆರಿಸಿ ಕೊಳಗಳಲ್ಲಿ ಸಾಕುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಅದು ಯುರೋಪು ತಲುಪಿತು. ಅದು ತಂಪುನೀರಿನ, ಕೊಳದ ಮೀನು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಗುಂಡು ಬಟ್ಟಲಲ್ಲಿ ತನ್ನದೇ ಮಲದಿಂದ ಹುಟ್ಟುವ ಅಮೋನಿಯಾ ಅದಕ್ಕೆ ವಿಷ. ಅದರ ಮೇಲೆ ನಾನು ಮಾಡಿದ್ದೇನು? ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿಯಿಂದ ಬರುವ ಸುಡುನೀರನ್ನು, ಕ್ಲೋರಿನ್ ಸಮೇತ, ಹಾಗೇ ಸುರಿದೆ. ನಮ್ಮ ಸ್ನಾನಕ್ಕಾದರೆ ಗೀಸರ್ ಆರಿಸಿ ಅದರೊಳಗೆ ತಣ್ಣಗಾದ ನೀರನ್ನು ಬಳಸುವ ಜಾಣತನ ನಮಗಿದೆ. ಮೀನಿನ ಬಗ್ಗೆ ಆ ಯೋಚನೆ ಬರಲಿಲ್ಲ.

ಬೆಚ್ಚನೆಯ ನೀರಿನ ಮೀನು ಬೇರೆ ಇದೆ: ಗಪ್ಪಿ. ವೆನೆಜುವೆಲಾ, ಟ್ರಿನಿಡಾಡ್ ಕಡೆಯದು. ಟ್ರಿನಿಡಾಡಿನಿಂದ ಲಂಡನ್ನಿಗೆ ಮಾದರಿ ಕಳುಹಿಸಿದ ರಾಬರ್ಟ್ ಗಪ್ಪಿಯವರ ಹೆಸರನ್ನು 1866ರಲ್ಲಿ ಅದಕ್ಕೆ ಇಟ್ಟರು. ನಮ್ಮಲ್ಲಿ ಹಲವರಿಗೆ ಇದು ಹಳೆಯ ಪರಿಚಯವೇ. ಊರಿನ ಬಾವಿ, ತೊಟ್ಟಿಗಳಲ್ಲಿ ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಿಡುತ್ತಿದ್ದ ಪುಟ್ಟ ಮೀನುಗಳಲ್ಲಿ ಇದೂ ಒಂದು.

ನಮ್ಮ ಪಕ್ಕದ ಫಂಜಾದ ವಾದಿಯಲ್ಲೋ, ಫಲಜ್ ಕಾಲುವೆಗಳಲ್ಲೋ ಕಾಲಿಟ್ಟರೆ ಕಚಗುಳಿಯಿಡುವ ಮರಿಮೀನನ್ನು ಬಾಟಲಿಯಲ್ಲಿ ಹಿಡಿದು ತರಬಾರದೇ ಎಂದು ಮಕ್ಕಳು ಕೇಳುತ್ತಾರೆ. ಬಾರದು. ಹರಿಯುವ ನೀರಿಗೆ ಒಗ್ಗಿದ ಆ ಗರ್ರಾ ಮೀನು ಈ ಬೆಟ್ಟಸಾಲಿನದು. ಅಲ್‌ ಹೂತಾ ಗುಹೆಯ ಕತ್ತಲಲ್ಲಿ ಕಣ್ಣು ಕಳೆದುಕೊಂಡ ಕುರುಡುಮೀನು ಇದರದೇ ಬಳಗ. ಅದನ್ನು ಅಲ್ಲೇ ನೋಡಿ ಬರುವುದು ಚೆಂದ. ಹಾಗೆಯೇ ನಮ್ಮ ಗಪ್ಪಿಯನ್ನು ಅಲ್ಲಿಗೆ ಬಿಡಲೂಬಾರದು.

ಅಬೂ ಉಮೈರನ ಹಕ್ಕಿ

ಈ ನಾಡಿನ ಜನ ಚೆನ್ನಾಗಿ ಬಲ್ಲ ಒಂದು ಹದೀಸ್ ಇದೆ. ಪ್ರವಾದಿಯವರ ಕಾಲದ ಮದೀನಾದಲ್ಲಿ ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಬಳಿ ಸಣ್ಣ ಹಕ್ಕಿಯೊಂದಿತ್ತು. ಅದು ಸತ್ತು ಹುಡುಗ ಸಪ್ಪಗಿದ್ದಾಗ, ಪ್ರವಾದಿಯವರು ಆ ಹಕ್ಕಿಯ ಹೆಸರೆತ್ತಿಯೇ ಅಕ್ಕರೆಯಿಂದ ಮಾತನಾಡಿಸಿದರಂತೆ. ಇದನ್ನು ಓದಿದಾಗ ಮನಸ್ಸಿಗೆ ನಾಟಿತು. ದೊಡ್ಡವರು ಮಗುವಿನ ಪುಟ್ಟ ದುಃಖವನ್ನು ಮುಚ್ಚಿಡಲಿಲ್ಲ, ಕೇಳಿದರು. ನಾನು ಸೀಬ್ ಕಡಲಿನ ಕಥೆ ಕಟ್ಟಿದ್ದೆ.

ನಮ್ಮ ತೀರ್ಮಾನ

ಆ ರಾತ್ರಿ ದೊಡ್ಡವಳ ಬಳಿ ಕುಳಿತು ನಿಜ ಹೇಳಿದೆ. "ಗೊತ್ತಿತ್ತಮ್ಮ, ಕಸದ ಚೀಲದಲ್ಲಿ ನೋಡಿದ್ದೆ" ಎಂದಳು. ಇಷ್ಟು ವರ್ಷ ಅವಳೇ ನನ್ನ ಮರ್ಯಾದೆ ಕಾಪಾಡಿದ್ದಳು.

ನಾವು ತಂದದ್ದು ಮೂರು ಗಂಡು ಗಪ್ಪಿ. ಬಣ್ಣ ಗಂಡಿಗೇ ಹೆಚ್ಚು. ಹೆಣ್ಣಿದ್ದರೆ ತಿಂಗಳಿಗೊಮ್ಮೆ ಮರಿ. ನಲವತ್ತು ಲೀಟರಿನ ತೊಟ್ಟಿ, ಸಣ್ಣ ಫಿಲ್ಟರ್, ಕ್ಲೋರಿನ್ ತೆಗೆಯುವ ದ್ರಾವಣ. ಮೀನು ತರುವ ಮೊದಲೇ ಕೆಲವು ವಾರ ತೊಟ್ಟಿಯ ನೀರು ಹದಗೊಳ್ಳಲು ಬಿಟ್ಟೆವು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ಮನೆಯವರ ಕೆಲಸ. ಶುಕ್ರವಾರ ಬೆಳಿಗ್ಗೆ ತಪ್ಪಿಸಿಕೊಳ್ಳುವಂತಿಲ್ಲ. ಚಿಕ್ಕವಳಿಗೆ ಒಂದೇ ನಿಯಮ, ಆತಕೂರಿನದು: ಮೀನಿಗೆ ಚಿಟಿಕೆ ಕಾಳು ಹಾಕಿದ ಮೇಲೆಯೇ ಅವಳ ದೋಸೆ.

ಕೆಲಸವಿಲ್ಲದ ಪ್ರಾಣಿ ಎಂಬುದಿಲ್ಲ. ಯಾರ ಕೆಲಸ ಎಂಬುದು ಮೊದಲೇ ತೀರ್ಮಾನವಾದ ಪ್ರಾಣಿ ಇರುತ್ತದೆ, ಅಷ್ಟೇ. ಆದ್ದರಿಂದ ತರುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೇಸಿಗೆ ರಜೆಯಲ್ಲಿ ನಾವು ಊರಿಗೆ ಹೋದಾಗ ಇದಕ್ಕೆ ಊಟ ಹಾಕುವವರು ಯಾರು? ನಮ್ಮ ಮಟ್ಟಿಗೆ ಉತ್ತರ ಸಿಕ್ಕಿದೆ. ಮಹಡಿಯ ಮೇಲಿನ ಮಂಗಳೂರಿನ ಆಂಟಿ ಈ ಬೇಸಿಗೆಗೆ ಒಪ್ಪಿದ್ದಾರೆ; ಅವರು ಡಿಸೆಂಬರಿನಲ್ಲಿ ಹೋದಾಗ ಅವರ ತುಳಸಿಗೆ ನೀರು ನಮ್ಮ ಚಿಕ್ಕವಳದು. ನಮ್ಮ ಸಂಘದ ಬೇರೆ ಮನೆಗಳೂ ಇಂಥ ಕೊಡುಕೊಳ್ಳುವಿಕೆಗೆ ಸಿದ್ಧವಿದ್ದರೆ ಮುಂದಿನ ಸಭೆಯಲ್ಲಿ ತಿಳಿಸಿರಿ.