180 ಮಿಲಿಮೀಟರಿನ ಕಿಂಡಿ

ಕಳೆದ ತಿಂಗಳು ನಮ್ಮ ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿದ್ದ ಕ್ಯಾಸೆಟ್ ಪ್ಲೇಯರನ್ನು ತೆಗೆಸಿ, ಅದರ ಜಾಗದಲ್ಲಿ ಟಚ್‌ಸ್ಕ್ರೀನ್ ಸ್ಟೀರಿಯೋ ಒಂದನ್ನು ಹಾಕಿಸಿದೆ. ಹಾಕಿಸಿದೆ ಎನ್ನುವುದಕ್ಕಿಂತ, ಹಾಕಿಸಲು ಒಪ್ಪಿಕೊಂಡೆ ಎಂದರೆ ಸತ್ಯಕ್ಕೆ ಹತ್ತಿರವಾದೀತು. ಯುಗಾದಿಯ ಮರುದಿನ ಕಾರನ್ನು ಹಿಂದಕ್ಕೆ ತೆಗೆಯುವಾಗ ಎದುರುಮನೆಯ ತುಳಸಿಕಟ್ಟೆಗೆ ತಾಗಿಸಿದ್ದೆ. ಕಟ್ಟೆಗೆ ಏನೂ ಆಗಲಿಲ್ಲ; ಕಾರಿನ ಬಂಪರು ಒಡೆಯಿತು. “ಮಾವ, ನೀವು ಹಾಡು ಕೇಳದಿದ್ದರೂ ಪರವಾಗಿಲ್ಲ, ಹಿಂದೆ ಏನಿದೆ ಅಂತ ಕಾಣೋಕೆ ಒಂದು ಕ್ಯಾಮೆರಾ ಮಾತ್ರ ಬೇಕೇ ಬೇಕು” ಎಂದು ಸೊಸೆ ಹಟ ಹಿಡಿದಳು. ಕ್ಯಾಮೆರಾ ಬಂದರೆ ಅದರ ಚಿತ್ರ ಮೂಡಲು ಪರದೆ ಬೇಕು. ಪರದೆ ಬಂದರೆ ಕ್ಯಾಸೆಟ್ ಪ್ಲೇಯರು ಜಾಗ ಬಿಡಬೇಕು. ನಾನು ಎರಡು ತಿಂಗಳು ಏನೇನೋ ನೆಪ ಹೇಳಿ ಮುಂದೂಡಿದೆ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಕೆಲಸಕ್ಕೆ ಬಂದವನು ನನ್ನ ಹಳೆಯ ವಿದ್ಯಾರ್ಥಿಯೇ. ಏಳನೆಯ ತರಗತಿಯಲ್ಲಿ ಪಾಣಿಪತ್ ಕದನಗಳ ಇಸವಿಗಳನ್ನು ಎಂದೂ ಸರಿಯಾಗಿ ಒಪ್ಪಿಸದ ಹುಡುಗ, ಈಗ ಕಾರಿನ ಬಿಡಿಭಾಗಗಳ ಅಂಗಡಿ ನಡೆಸುತ್ತಾನೆ. ಭಾನುವಾರ ಬೆಳಿಗ್ಗೆ ಹೊಂಗೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದ. ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ ಡ್ಯಾಶ್‌ಬೋರ್ಡಿನ ಚೌಕಟ್ಟನ್ನು ಮೆಲ್ಲಗೆ ಎಬ್ಬಿಸಿದ. ನಾಲ್ಕು ಸ್ಕ್ರೂ ತೆಗೆದೊಡನೆ ಹಳೆಯ ಪ್ಲೇಯರೂ ಅದರ ಕೆಳಗೆ ನಾನು ಟೋಲ್ ಚೀಟಿಗಳನ್ನೂ ಚಿಲ್ಲರೆಯನ್ನೂ ಇಡುತ್ತಿದ್ದ ಗೂಡೂ ಒಟ್ಟಿಗೆ ಹೊರಬಂದವು. ಉಳಿದದ್ದು ಒಂದು ಕಪ್ಪು ಕಿಂಡಿ.

“ಟೂ ಡಿನ್ ಇದೆ ಮೇಷ್ಟ್ರೇ, ಏನೂ ಕೊಯ್ಯೋದು ಬೇಡ” ಎಂದ.

“ಡಿನ್ ಎಂದರೇನಪ್ಪ?” ಎಂದೆ.

“ಸೈಜು ಮೇಷ್ಟ್ರೇ. ಎಲ್ಲಾ ಕಾರಿಗೂ ಅದೇ.”

ಎಲ್ಲಾ ಕಾರಿಗೂ ಅದೇ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಚರಿತ್ರೆಯ ಮೇಷ್ಟರ ರೋಗ ನಿವೃತ್ತಿಯಾದರೂ ಬಿಡುವುದಿಲ್ಲ. ಪರಸ್ಪರ ಪೈಪೋಟಿಯಲ್ಲಿರುವ ಕಂಪನಿಗಳು ಒಂದು ಕಿಂಡಿಯ ಅಳತೆಯ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಹೇಗೆ? ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ನಿಮಗೂ ಹೇಳಬೇಕೆನಿಸಿತು.

ಕಾರಿನೊಳಗೆ ರೇಡಿಯೋ ಬಂದಾಗ ಅದಕ್ಕೆ ಕಿಂಡಿಯೇ ಇರಲಿಲ್ಲ. 1928ರಲ್ಲಿ ಶಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಜೋಸೆಫ್ ಗ್ಯಾಲ್ವಿನ್ ಎಂಬ ಸಹೋದರರು ಒಂದು ಸಣ್ಣ ಕಾರ್ಖಾನೆ ತೆರೆದರು. ಬ್ಯಾಟರಿಯಿಂದ ನಡೆಯುವ ರೇಡಿಯೋವನ್ನು ಮನೆಯ ವಿದ್ಯುತ್ತಿನಿಂದ ನಡೆಸುವ ಸಾಧನ ಅವರ ಮೊದಲ ಸರಕು. ಬೇಗನೆ ಅದಕ್ಕೆ ಬೇಡಿಕೆ ಕುಸಿಯಿತು. ಮರುವರ್ಷವೇ ಅಮೆರಿಕದ ಆರ್ಥಿಕತೆಯೂ ಕುಸಿಯಿತು. ದಾರಿ ಕಾಣದ ಪಾಲ್ ಗ್ಯಾಲ್ವಿನ್ ಕಾರಿಗೊಂದು ರೇಡಿಯೋ ಮಾಡಲು ಹೊರಟ. 1930ರ ಜೂನಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮ್ಮೇಳನ ನಡೆದಾಗ ಒಳಗೆ ಮಳಿಗೆ ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ತನ್ನ ಸ್ಟುಡಿಬೇಕರ್ ಕಾರಿನಲ್ಲಿ ರೇಡಿಯೋ ಕೂಡಿಸಿ, ಸಭಾಂಗಣದ ಹೊರಗೆ ನಿಲ್ಲಿಸಿ, ಹೋಗಿಬರುವವರಿಗೆಲ್ಲ ಕೇಳಿಸಿದ. ಮೋಟಾರು ಕಾರಿನ ‘ಮೋಟರ್’ ಎಂಬುದಕ್ಕೆ ಅಂದಿನ ಹಾಡಿನ ಪೆಟ್ಟಿಗೆಗಳ ಹೆಸರುಗಳಲ್ಲಿದ್ದ ‘ಓಲಾ’ ಎಂಬ ಬಾಲವನ್ನು ಅಂಟಿಸಿ ಅದನ್ನು ಮೊಟೊರೋಲಾ ಎಂದು ಕರೆದ. ನಿಮ್ಮಲ್ಲಿ ಅನೇಕರ ಮೊದಲ ಮೊಬೈಲಿನ ಮೇಲೆ ಇದ್ದದ್ದು ಈ ಹೆಸರೇ.

ಆ ರೇಡಿಯೋವನ್ನು ಕೂಡಿಸುವುದೆಂದರೆ ಕಾರಿಗೆ ಶಸ್ತ್ರಚಿಕಿತ್ಸೆ ಮಾಡಿದಂತೆ. ಕವಾಟಗಳಿದ್ದ ಆ ಯಂತ್ರಕ್ಕೆ ಕಾರಿನ ಬ್ಯಾಟರಿ ಸಾಲದು. ನೆಲಹಾಸಿನ ಅಡಿಯಲ್ಲಿ ಬೇರೆ ಬ್ಯಾಟರಿಗಳನ್ನು ಇಡಬೇಕು. ಏರಿಯಲ್ ತಂತಿಗೆಂದು ಮೇಲ್ಛಾವಣಿಯ ಒಳಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಇಷ್ಟಾದರೂ ಹಾಡು ಕೇಳುವ ಖಾತ್ರಿ ಇಲ್ಲ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳು ಕಿಡಿ ಹೊಡೆದಾಗಲೆಲ್ಲ ರೇಡಿಯೋದಲ್ಲಿ ಚಟಚಟ ಸದ್ದು ಏಳುತ್ತಿತ್ತು. ಕಿಡಿ ಹೊಡೆಯುವ ಪ್ರತಿಯೊಂದು ಪ್ಲಗ್ಗೂ ಒಂದು ಪುಟ್ಟ ಪ್ರೇಷಕವೇ ತಾನೇ! ಅದನ್ನು ಅಡಗಿಸಲು ನಿರೋಧಕಗಳನ್ನೂ ಕೆಪಾಸಿಟರುಗಳನ್ನೂ ಅಲ್ಲಲ್ಲಿ ಸೇರಿಸಬೇಕಾಯಿತು. ಯುರೋಪಿನಲ್ಲಿ 1932ರಲ್ಲಿ ಬ್ಲೌಪುಂಕ್ಟ್ ಸಂಸ್ಥೆಗೆ ಸೇರಿದ ಆಟೋಸೂಪರ್ ಎಂಬ ರೇಡಿಯೋ ಬಂದಿತು. ಅದರ ತೂಕ ಸುಮಾರು 15 ಕಿಲೋ. ಚಾಲಕನ ಎದುರು ಇಡಲು ಜಾಗವಿಲ್ಲದೆ, ಗುಂಡಿಗಳನ್ನು ಮಾತ್ರ ಸ್ಟಿಯರಿಂಗ್ ಕಂಬಕ್ಕೆ ಕಟ್ಟಿದ್ದರು. ಹಾಡು ಕೇಳುತ್ತ ಕಾರು ಓಡಿಸಿದರೆ ಚಾಲಕನ ಗಮನ ತಪ್ಪುತ್ತದೆ, ಇದನ್ನು ನಿಷೇಧಿಸಿ ಎಂಬ ಕೂಗೂ ಆಗ ಅಮೆರಿಕದಲ್ಲಿ ಎದ್ದಿತ್ತು. ನನ್ನ ಸೊಸೆಗೆ ಇದನ್ನು ಓದಿ ಹೇಳಿದೆ, ನಗಲಿಲ್ಲ.

ಮುಂದಿನ ಮೂವತ್ತು ವರ್ಷಗಳಲ್ಲಿ ಪ್ರತಿಯೊಬ್ಬ ತಯಾರಕನದೂ ಒಂದೊಂದು ದಾರಿ. 1956ರಲ್ಲಿ ಕ್ರೈಸ್ಲರ್ ಕಂಪನಿ ಕಾರಿನೊಳಗೆ ಗ್ರಾಮೊಫೋನು ತಟ್ಟೆ ತಿರುಗಿಸುವ ಸಾಹಸ ಮಾಡಿತು. ಹಳ್ಳದಿಣ್ಣೆಗಳ ಮೇಲೆ ಮುಳ್ಳು ಹಾರದಂತೆ ಮಾಡುವುದು ಎಷ್ಟು ಕಷ್ಟವೆಂದು ನಮ್ಮ ಊರಿನ ರಸ್ತೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. 1966ರ ಫೋರ್ಡ್ ಕಾರುಗಳಲ್ಲಿ ಎಂಟು ಹಾದಿಯ ಟೇಪು ಬಂದಿತು. ಅದನ್ನು ರೂಪಿಸಿದವನು ಬಿಲ್ ಲಿಯರ್. 1930ರಲ್ಲಿ ಗ್ಯಾಲ್ವಿನ್ನನ ರೇಡಿಯೋಗೆ ನೆರವಾದವನೂ, ಮುಂದೆ ಲಿಯರ್‌ಜೆಟ್ ವಿಮಾನಗಳನ್ನು ಮಾಡಿದವನೂ ಈತನೇ. ಕೊನೆಗೆ ನೆಲೆನಿಂತದ್ದು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಅಂಗೈಯಗಲದ ಕ್ಯಾಸೆಟ್.

ಇನ್ನು ಡಿನ್. ಅದು ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳ ಕೂಟ. ಕಾರಿನ ರೇಡಿಯೋದ ಮುಖ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಇರತಕ್ಕದ್ದೆಂದು ಆ ಸಂಸ್ಥೆ ಗೊತ್ತುಪಡಿಸಿತು. 1984ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನೇ ಐಎಸ್‌ಓ 7736 ಎಂಬ ಸಂಖ್ಯೆ ಕೊಟ್ಟು ಅಂಗೀಕರಿಸಿತು. ಜಪಾನಿನ ತಯಾರಕರು ಎತ್ತರವನ್ನು ಇಮ್ಮಡಿಸಿ 100 ಮಿಲಿಮೀಟರ್ ಮಾಡಿಕೊಂಡರು. ಅದೇ ನನ್ನ ವಿದ್ಯಾರ್ಥಿ ಹೇಳಿದ ಟೂ ಡಿನ್. ಯಾವ ರಾಜನೂ ಹೊರಡಿಸದ, ಯಾವ ಯುದ್ಧವೂ ಹೇರದ ಈ ಶಾಸನ ಖಂಡಖಂಡಗಳಲ್ಲಿ ನಡೆಯಿತು. ಅದರ ಅರ್ಥವಿಷ್ಟೇ: ಕಾರು ಮಾರಿದವನು ಕಿಂಡಿ ಬಿಟ್ಟುಕೊಡುತ್ತಾನೆ, ಅದರೊಳಗೆ ಏನು ಇರಬೇಕೆಂಬುದು ಕಾರಿನ ಒಡೆಯನಿಗೆ ಬಿಟ್ಟದ್ದು. ಇಪ್ಪತ್ತು ವರ್ಷದ ಕಾರಿಗೆ ಇಂದಿನ ಯಂತ್ರವನ್ನು ಹಾಕಬಹುದಾದದ್ದು ಇದರಿಂದಲೇ.

ನಮ್ಮ ನಾಡಿನಲ್ಲಿ ಈ ಬಿಡುವಿನಿಂದ ಒಂದು ಕಸುಬೇ ಬೆಳೆಯಿತು. ಕಾರುಗಳು ಬಹುಕಾಲ ರೇಡಿಯೋ ಇಲ್ಲದೆಯೇ ಮಾರಾಟವಾಗುತ್ತಿದ್ದವು. ಕೊಂಡವನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋಗಿ ತನ್ನ ಕೈಲಾದದ್ದನ್ನು ಹಾಕಿಸಿಕೊಳ್ಳುತ್ತಿದ್ದ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಭಾವಗೀತೆಗಳ ಕ್ಯಾಸೆಟ್ಟುಗಳು ಟ್ಯಾಕ್ಸಿಗಳಲ್ಲಿ ಕೇಳಿಬಂದದ್ದು ಆ ಕಿಂಡಿಗಳ ಮೂಲಕ. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾದಾಗ ಅನೇಕರು ರೇಡಿಯೋ ಗುಂಡಿಯನ್ನು ಮತ್ತೆ ತಿರುಗಿಸಿದರು.

ಪರದೆಯೂ ನಾವು ತಿಳಿದಷ್ಟು ಹೊಸದಲ್ಲ. 1986ರ ಬ್ಯೂಕ್ ರಿವಿಯೆರಾ ಎಂಬ ಅಮೆರಿಕದ ಕಾರಿನಲ್ಲಿ ಹಳೆಯ ಟಿ.ವಿ.ಯಂತೆ ಗಾಜಿನ ಕೊಳವೆಯುಳ್ಳ, ಮುಟ್ಟಿದರೆ ಕೆಲಸ ಮಾಡುವ ಪರದೆಯಿತ್ತು. ರೇಡಿಯೋದ ಸದ್ದು ತಗ್ಗಿಸಲೂ ರಸ್ತೆಯಿಂದ ಕಣ್ಣು ತೆಗೆಯಬೇಕೆಂದು ಜನ ದೂರಿದರು. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 2014ರಲ್ಲಿ ಆಪಲ್ ಮತ್ತು ಗೂಗಲ್ ಕಂಪನಿಗಳು ಫೋನಿನ ನಕ್ಷೆಯನ್ನೂ ಹಾಡನ್ನೂ ಕಾರಿನ ಪರದೆಗೆ ತರುವ ವ್ಯವಸ್ಥೆಗಳನ್ನು ಪ್ರಕಟಿಸಿದ ಮೇಲೆ ಪರದೆಗೆ ಮರುಜನ್ಮ ಬಂದಿತು. ಆ ದೂರಿಗೆ ಮಾತ್ರ ಇಂದಿಗೂ ಉತ್ತರ ಸಿಕ್ಕಿಲ್ಲವೆಂಬುದು ನನ್ನ ಅನುಭವ. ಗುಂಡಿಯನ್ನು ಬೆರಳು ತಡಕಿ ಹಿಡಿಯುತ್ತದೆ. ನುಣುಪಾದ ಗಾಜಿನಲ್ಲಿ ತಡಕಲು ಏನಿದೆ?

ಆದರೆ ಹೊಸ ಕಾರುಗಳಲ್ಲಿ ಪರದೆ ಡ್ಯಾಶ್‌ಬೋರ್ಡಿನೊಂದಿಗೇ ಬೆಸೆದು ಬರುತ್ತದೆ. ಎ.ಸಿ., ಕ್ಯಾಮೆರಾ, ಕಾರಿನ ಸೆಟ್ಟಿಂಗುಗಳು ಎಲ್ಲವೂ ಅದರೊಳಗೇ. ಮಗನ ಕಾರನ್ನು ತೋರಿಸಿ, “ಇದರಲ್ಲಿ ಕಿಂಡಿ ಎಲ್ಲಿದೆಯಪ್ಪ?” ಎಂದು ಕೇಳಿದೆ. “ಇಲ್ಲ ಮೇಷ್ಟ್ರೇ, ಇದು ಕೆಟ್ಟರೆ ಕಂಪನಿಯವರೇ ಗತಿ” ಎಂದ. ಅಷ್ಟು ಹೇಳಿ ತಲೆ ಬಗ್ಗಿಸಿ ತಂತಿ ಜೋಡಿಸತೊಡಗಿದ. ಅವನ ಅಂಗಡಿಯ ಭವಿಷ್ಯವೂ ಆ ಮಾತಿನಲ್ಲಿತ್ತು, ನಾನು ಕೆದಕಲಿಲ್ಲ.

ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಕಾರಿನ ಮೈಗೆ; ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರುಗಳಿಗೆ. ಹಿಂದಿನ ಕ್ಯಾಮೆರಾದ ಒಂದು ತಂತಿಯನ್ನು ರಿವರ್ಸ್ ದೀಪಕ್ಕೆ ಸೇರಿಸಿದ. ಗೇರು ಹಾಕಿದೊಡನೆ ಪರದೆಯಲ್ಲಿ ಹಿಂದಿನದು ಕಾಣಲೆಂದು. ಕೊನೆಗೆ ಏರಿಯಲ್ಲಿನ ದಪ್ಪ ತಂತಿಯನ್ನು ಹೊಸ ಯಂತ್ರದ ಬೆನ್ನಿಗೆ ಚುಚ್ಚಿದ. ಆ ಬಗೆಯ ಪ್ಲಗ್ಗಿಗೆ ಇಂದಿಗೂ ಮೊಟೊರೋಲಾ ಪ್ಲಗ್ ಎಂದೇ ಹೆಸರು.

ಈಗ ನನ್ನ ನೆಪಗಳ ಕಾರಣ. 1988ರಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಕುಮಾರವ್ಯಾಸ ಭಾರತದ ಗಮಕ ವಾಚನ ಮಾಡಿದ್ದನ್ನು ನಾನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ. ಮನೆಯ ಟೇಪ್‌ರೆಕಾರ್ಡರು ಕೆಟ್ಟು ಎಷ್ಟೋ ಕಾಲವಾಗಿ, ಆ ಕ್ಯಾಸೆಟ್ಟನ್ನು ನುಡಿಸಬಲ್ಲ ಯಂತ್ರವಾಗಿ ಉಳಿದದ್ದು ಕಾರಿನದೊಂದೇ. ಇದನ್ನು ಸಂಕೋಚದಿಂದ ಹೇಳಿದಾಗ ಅವನು ಒಂದು ಕ್ಷಣ ಸುಮ್ಮನಿದ್ದ. “ನಾನೂ ಹಾಡಿದ್ದೆ ಅಲ್ವಾ ಮೇಷ್ಟ್ರೇ?” ಎಂದ. ಹಾಡಿದ್ದ, ತಾಳ ತಪ್ಪಿಯೇ ಹಾಡಿದ್ದ.

ಸಂಜೆ ಅಂಗಡಿಯಿಂದ 12 ವೋಲ್ಟಿನ ಹಳೆಯ ಸ್ಕೂಟರ್ ಬ್ಯಾಟರಿಯನ್ನೂ ಎರಡು ಸ್ಪೀಕರುಗಳನ್ನೂ ತಂದ. ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಹೊಸೆದು ಬ್ಯಾಟರಿಯ ಧನ ತುದಿಗೆ, ಕಪ್ಪನ್ನು ಋಣ ತುದಿಗೆ ಸೇರಿಸಿದ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಪ್ಲೇಯರಿನ ಹೆಡ್ ಒರೆಸಿದ. ನನ್ನ ಬರೆಯುವ ಮೇಜಿನ ಮೇಲೆಯೇ ಅದು ನುಡಿಯಿತು. ಇಬ್ಬರೂ ಕುಳಿತು ಪೂರ್ತಿ ಕೇಳಿದೆವು. ಮೂರನೆಯದಾಗಿ ವಾಚನ ಮಾಡಿದ ಹುಡುಗ ಈಗ ನಮ್ಮೊಡನಿಲ್ಲ. ಆ ತಂಡದವರಿಗೆ ಯಾರೆಂದು ಗೊತ್ತು. ಅವನ ಧ್ವನಿ ಬಂದಾಗ ನನ್ನ ವಿದ್ಯಾರ್ಥಿ ಕೈಚಾಚಿ ಸದ್ದನ್ನು ಸ್ವಲ್ಪ ಹೆಚ್ಚಿಸಿದ.

ಅವನು ಅದನ್ನು ಕಂಪ್ಯೂಟರಿಗೂ ಇಳಿಸಿಕೊಟ್ಟಿದ್ದಾನೆ. 1988ರ ಆ ತಂಡದಲ್ಲಿದ್ದವರು ಪತ್ರ ಬರೆದರೆ ಕಳುಹಿಸುತ್ತೇನೆ.