ಆರೋನ ಕೊಟ್ಟ ಉತ್ತರ

ಒಂದು ರಾತ್ರಿ ಸರ್ವರ್ ಬಿದ್ದಾಗ "ನಾನೇನೂ ಮುಟ್ಟಿಲ್ಲ, ತಾನಾಗೇ ಹೀಗಾಯ್ತು" ಅಂತ ನಾನೂ ಹೇಳಿದ್ದುಂಟು. ಅದಕ್ಕೇ ಇರಬೇಕು, ಬೈಬಲ್ಲಿನ ವಿಮೋಚನಕಾಂಡದ 32ನೇ ಅಧ್ಯಾಯ ಓದಿದಾಗೆಲ್ಲ ಮೊದಲು ನಗು ಬರುತ್ತೆ, ಆಮೇಲೆ ಕಸಿವಿಸಿ.

ಕತೆ ನಿಮಗೂ ಗೊತ್ತಿರಬಹುದು. ಮೋಶೆ ಸೀನಾಯ್ ಬೆಟ್ಟ ಹತ್ತಿದವನು 40 ದಿನ ಇಳಿಯಲಿಲ್ಲ. ಕೆಳಗೆ ಜನರನ್ನು ನೋಡಿಕೊಳ್ಳಬೇಕಿದ್ದವನು ಆರೋನ, ಮೋಶೆಗಿಂತ ಮೂರು ವರ್ಷ ದೊಡ್ಡ ಅಣ್ಣ. ನಮಗೊಂದು ದೇವರನ್ನು ಮಾಡಿಕೊಡು ಅಂತ ಜನ ಮುತ್ತಿಕೊಂಡಾಗ, ಅವರ ಕಿವಿಯೋಲೆ ಬಿಚ್ಚಿಸಿ ಚಿನ್ನದ ಕರು ಮಾಡಿಕೊಟ್ಟೇಬಿಟ್ಟ. ಇಳಿದು ಬಂದ ತಮ್ಮ ನೇರವಾಗಿ ಕೇಳಿದ: ಇವರನ್ನು ಇಂಥ ಪಾಪಕ್ಕೆ ತಳ್ಳೋಕೆ ಈ ಜನ ನಿನಗೇನು ಮಾಡಿದ್ದರು?

ಅಣ್ಣ ತಮ್ಮನನ್ನೇ ಒಡೆಯ ಅಂತ ಕರೆದ. ಈ ಜನ ಎಂಥವರು ಅಂತ ನಿನಗೇ ಗೊತ್ತಲ್ಲ ಅಂದ. ಚಿನ್ನ ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಅಂದ! ಆದರೆ ಅದೇ ಅಧ್ಯಾಯದಲ್ಲಿ, 20 ವಚನಗಳ ಹಿಂದೆ, ಕರುವಿಗೆ ರೂಪ ಕೊಟ್ಟವನು ಅವನೇ.

ಇಸ್ರಾಯೇಲರ ಯಾಜಕರಿಗೆ ಮೂಲಪುರುಷ ಈ ಆರೋನನೇ. ಹಾಗಾಗಿ ಮುಂದಿನವರಿಗೆ ಇದು ಭಾರೀ ಮುಜುಗರ. ಕ್ರಿ.ಶ. 93-94ರ ಸುಮಾರಿಗೆ ಯೆಹೂದ್ಯರ ಚರಿತ್ರೆ ಬರೆದ ಜೋಸೆಫಸ್ (ಅವನೂ ಯಾಜಕರ ಮನೆತನದವನೇ) ಕರುವಿನ ಪ್ರಸಂಗವನ್ನೇ ಹಾರಿಸಿಬಿಟ್ಟ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ, ಕರುವಿನ ಎರಡನೇ ವೃತ್ತಾಂತವನ್ನು ಸಭೆಯಲ್ಲಿ ಮೂಲದಲ್ಲೇ ಓದಿ, ಅನುವಾದಿಸಬೇಡಿ ಅಂದಿತು. ಆರೋನನ ಉತ್ತರ ಬರೋದು ಅಲ್ಲೇ. ಎದುರು ನಿಂತ ಹೂರನನ್ನು ಜನ ಕೊಂದಿದ್ದರು, ಅದಕ್ಕೇ ಆರೋನ ಹೆದರಿದ ಅಂತ ರಬ್ಬಿಗಳು ವಿವರಿಸಿದರು. 7ನೇ ಶತಮಾನದ ಕುರ್‌ಆನಿನಲ್ಲಿ ಕರು ಮಾಡಿದವನೇ ಬೇರೆ, ಸಾಮಿರಿ. ಹಾರೂನ್ ಜನರನ್ನು ತಡೆಯಲು ನೋಡಿದವನು. ಆದರೂ ಮೂಸಾ ಸಿಟ್ಟಿನಲ್ಲಿ ಅವನ ಗಡ್ಡಕ್ಕೇ ಕೈ ಹಾಕುತ್ತಾನೆ. ಜನರನ್ನು ಒಡೆದೆ ಅಂತ ನೀನು ಅಂದೀಯ ಅಂತ ಹೆದರಿದೆ ಅನ್ನುತ್ತಾನೆ ಹಾರೂನ್.

ಹೀಗೆ ಬಿಟ್ಟರು, ಮುಚ್ಚಿದರು, ಕಾರಣ ಹೇಳಿದರು. ಮೂಲದಲ್ಲಿ ಮಾತ್ರ ಆ ಉತ್ತರ ಹಾಗೇ ಉಳಿದಿದೆ. ತಮ್ಮ ಹಿರಿಯನ ಪೆಚ್ಚು ನೆಪವನ್ನೂ ಅಳಿಸದೆ ಕಾಪಾಡಿಕೊಂಡು ಬಂದರಲ್ಲ, ನನಗೆ ಅದು ದೊಡ್ಡದು ಅನಿಸುತ್ತೆ.

ಧರ್ಮೋಪದೇಶಕಾಂಡದ 9ನೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ದೇವರು ಆರೋನನನ್ನು ನಾಶ ಮಾಡುವಷ್ಟು ಸಿಟ್ಟಾದಾಗ ಅವನಿಗಾಗಿ ಬೇಡಿಕೊಂಡವನು ಮೋಶೆ. ಎದುರಿಗೆ ದಬಾಯಿಸಿದ ತಮ್ಮನೇ ಬೆನ್ನ ಹಿಂದೆ ಅಣ್ಣನನ್ನು ಉಳಿಸಿದ. ನಾವು ಮನೆಗಳಲ್ಲಿ ಮಾಡೋದು ಹೆಚ್ಚಾಗಿ ಇದರ ಉಲ್ಟಾ, ಅಲ್ವಾ?

ಅಂದ ಹಾಗೆ, ಆ ಸರ್ವರ್ ಬೀಳಿಸಿದ್ದು ನಾನೇ.