ಸೆಕೆಗೊಂದು ಜೋಗುಳ

ಮೇ ತಿಂಗಳ ಸಂಜೆ ಕೂಳೂರು ಸೇತುವೆಯ ಮೇಲೆ ಸಿಕ್ಕಿಬಿದ್ದವರಿಗೆ ತಾಳ್ಮೆಯ ಪಾಠಕ್ಕೆ ಬೇರೆ ಗುರು ಬೇಡ. ಎದುರಿಗೆ ಟ್ಯಾಂಕರ್, ಹಿಂದೆ ಹಾರ್ನ್ ಬಾರಿಸುವ ಎಕ್ಸ್‌ಪ್ರೆಸ್ ಬಸ್ಸು, ಕೆಳಗೆ ಅಲುಗಾಡದೆ ಮಲಗಿರುವ ಫಲ್ಗುಣಿ ಹೊಳೆ. ಎಂಥ ಸೆಕೆ ಮಾರಾಯ್ರೆ! ಹಾಗೆ ಕೂತಿದ್ದಾಗಲೇ ಒಮ್ಮೆ ನನ್ನ ಫೋನು ತಾನಾಗಿ ‘ಸಮ್ಮರ್‌ಟೈಮ್’ ಹಾಕಿತು. ಎಲಾ ಫಿಟ್ಜ್‌ಜೆರಾಲ್ಡ್, ಲೂಯಿ ಆರ್ಮ್‌ಸ್ಟ್ರಾಂಗ್ 1957ರಲ್ಲಿ ಹಾಡಿದ್ದು. ಮೊದಲು ಟ್ರಂಪೆಟ್, ಆಮೇಲೆ ಎಲಾ ದನಿ. ಬೇಸಗೆಯಲ್ಲಿ ಬದುಕು ಎಷ್ಟು ಹಗುರ ಅನ್ನುವ ಹಾಡು. ನನಗೆ ಸಿಟ್ಟೇ ಬಂತು. ಇದ್ಯಾರೋ ರಜೆಯಲ್ಲಿ ಜ್ಯೂಸ್ ಕುಡಿಯುತ್ತಾ ಬರೆದದ್ದಿರಬೇಕು ಅಂದುಕೊಂಡೆ.

ಮನೆಗೆ ಹೋಗಿ ಹುಡುಕಿದರೆ ಕಥೆ ಪೂರ್ತಿ ಉಲ್ಟಾ.

ಇದು ಜಾಝ್ ಹಾಡಾಗಿ ಹುಟ್ಟಿದ್ದೇ ಅಲ್ಲ. 1935ರಲ್ಲಿ ರಂಗಕ್ಕೆ ಬಂದ ‘ಪೋರ್ಗಿ ಅಂಡ್ ಬೆಸ್’ ಎಂಬ ಒಪೆರಾದ ಜೋಗುಳ. ಪದ ಡುಬೋಸ್ ಹೇವರ್ಡ್ ಅವರದು, ರಾಗ ಜಾರ್ಜ್ ಗರ್ಶ್ವಿನ್ ಅವರದು. ಕಥೆ ನಡೆಯುವುದು ಅಮೆರಿಕದ ಚಾರ್ಲ್ಸ್‌ಟನ್ ಎಂಬ ಬಂದರು ಊರಿನಲ್ಲಿ, ಬಡ ಕಪ್ಪು ಜನರ ಕೇರಿಯಲ್ಲಿ. ಹಾಡುವವಳು ಕ್ಲಾರಾ, ಮೀನುಗಾರ ಜೇಕ್‌ನ ಹೆಂಡತಿ. ಅಪ್ಪ ಸಿರಿವಂತ, ನೀನು ಅಳಬೇಡ ಅಂತ ಮಗುವಿಗೆ ಹೇಳುತ್ತಾಳೆ. ಸಿರಿ ಎಲ್ಲಿಂದ ಬರಬೇಕು? ಜೇಕ್ ಹತ್ತಿರ ಇರುವುದು ಒಂದು ದೋಣಿ ಮಾತ್ರ.

ಮುಂದೆ ಜೇಕ್ ಕಡಲಿಗೆ ಹೋದಾಗ ಚಂಡಮಾರುತ ಏಳುತ್ತದೆ. ಬಾಗಿಲು ಹಾಕಿಕೊಂಡು ಕೂತ ಕೋಣೆಯಲ್ಲಿ ಕ್ಲಾರಾ ಅದೇ ಬೇಸಗೆಯ ಜೋಗುಳವನ್ನು ಮತ್ತೆ ಹಾಡುತ್ತಾಳೆ. ಗಂಡನನ್ನು ಹುಡುಕಿ ಹೋದ ಅವಳೂ ತಿರುಗಿ ಬರುವುದಿಲ್ಲ. ಕೊನೆಗೆ ಆ ತಬ್ಬಲಿ ಮಗುವನ್ನು ಎತ್ತಿಕೊಂಡು ಬೆಸ್ ಅದನ್ನೇ ಹಾಡುತ್ತಾಳೆ. ತಾಯಿ ಹೋದಳು, ಜೋಗುಳ ಉಳಿಯಿತು.

ಗರ್ಶ್ವಿನ್ ನ್ಯೂಯಾರ್ಕಿನವರು, ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. ಈ ಹಾಡಿನ ರಾಗ ಹಾಕಿದ ಮೇಲೆ, 1934ರ ಬೇಸಗೆಯಲ್ಲಿ, ಒಪೆರಾದ ಉಳಿದ ಭಾಗಕ್ಕಾಗಿ ಚಾರ್ಲ್ಸ್‌ಟನ್ ಪಕ್ಕದ ಫಾಲಿ ದ್ವೀಪದಲ್ಲಿ ಹೋಗಿ ಉಳಿದರು. ಗುಲಾಮರಾಗಿ ಬಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು, ಗುಲ್ಲಾ ಜನ, ಅಲ್ಲಿದ್ದರು. ಕೈಕಾಲುಗಳ ತಾಳಕ್ಕೆ ಅವರು ಮಾಡುವ ಪ್ರಾರ್ಥನೆಗೆ ಗರ್ಶ್ವಿನ್ ತಾವೂ ದನಿಗೂಡಿಸಿದರೆಂದು ಹೇವರ್ಡ್ ಬರೆದಿದ್ದಾರೆ.

ಹಾಗಂತ ಎಲ್ಲವೂ ಚಂದ ಅಂತಲ್ಲ. ಕಪ್ಪು ಜನರ ಬಡತನವನ್ನು ಬಿಳಿಯರು ತಮಗೆ ಬೇಕಾದ ಹಾಗೆ ಚಿತ್ರಿಸಿದ್ದಾರೆ ಎಂಬ ಟೀಕೆ ಆಗಲೇ ಬಂತು, ಇವತ್ತಿಗೂ ಇದೆ. ಆದರೆ 1936ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಏನಾಯಿತು ನೋಡಿ. ಕಪ್ಪು ಪ್ರೇಕ್ಷಕರನ್ನು ಸಮಾನವಾಗಿ ಕೂರಿಸದಿದ್ದರೆ ನಾವು ಹಾಡುವುದಿಲ್ಲ ಎಂದು ಪೋರ್ಗಿ ಪಾತ್ರದ ಟಾಡ್ ಡಂಕನ್ ಮತ್ತು ಸಂಗಡಿಗರು ಪಟ್ಟು ಹಿಡಿದರು. ಥಿಯೇಟರೇ ಮಣಿಯಿತು. ಅದೇ ವರ್ಷ ಬಿಲ್ಲಿ ಹಾಲಿಡೇ ಈ ಜೋಗುಳವನ್ನು ರೆಕಾರ್ಡ್ ಮಾಡಿದರು. 1958ರಲ್ಲಿ ಮೈಲ್ಸ್ ಡೇವಿಸ್ ಪದಗಳನ್ನೇ ಬಿಟ್ಟು ಬರೀ ಟ್ರಂಪೆಟ್‌ನಲ್ಲಿ ನುಡಿಸಿದರು. ಯಾರ ಬಗ್ಗೆ ಬರೆದದ್ದೋ ಅವರೇ ಹಾಡನ್ನು ತಮ್ಮದಾಗಿಸಿಕೊಂಡರು.

ಇಷ್ಟು ತಿಳಿದ ಮೇಲೆ ಕೂಳೂರಿನ ಬೇಸಗೆಯೂ ನನಗೆ ಬೇರೆಯಾಗಿ ಕಾಣುತ್ತಿದೆ. ಸೇತುವೆಯ ಕೆಳಗಿನ ಹೊಳೆ ಹರಿದು ಬೆಂಗ್ರೆಯ ಹತ್ತಿರ ನೇತ್ರಾವತಿಯ ಜೊತೆ ಕಡಲು ಸೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಮಗೆ ಮೇ ಅಂದರೆ ಎಸಿಯ ಬಿಲ್ಲು, ನೀರಿನ ರೇಷನ್, ಮಳೆ ಯಾವಾಗ ಅನ್ನುವ ಗೊಣಗಾಟ. ದಕ್ಕೆಯ ಮನೆಗಳಿಗೆ ಅದು ಎರಡು ತಿಂಗಳಿಗಾಗುವಷ್ಟು ದುಡಿದಿಡಬೇಕಾದ ಹೊತ್ತು. ಅಲ್ಲೂ ಈ ಸೆಕೆಯಲ್ಲಿ ಯಾರೋ ತಾಯಿ ಮಗುವಿಗೆ ಬೀಸಣಿಗೆ ಬೀಸುತ್ತಾ ಏನೂ ಆಗಲ್ಲ, ಮಲಗು ಅನ್ನುತ್ತಿರಬಹುದು.

ಅದು ಸುಳ್ಳಾ? ಲೆಕ್ಕ ಹಾಕಿದರೆ ಹೌದು. ಆದರೆ ಆ ಮಾತು ನಾಳೆಯ ವರದಿಯಲ್ಲ, ಹರಕೆ. ಕೊಡಲು ಕೈಯಲ್ಲಿ ಏನೂ ಇಲ್ಲದವರು ಕೊಡುವ ಅಭಯ. ಪ್ರಾರ್ಥನೆ ಅಂದರೆ ದೇವರ ಹತ್ತಿರ ಕೇಳುವುದು ಅಂತ ತಿಳಿದಿದ್ದೆ. ಪಕ್ಕದಲ್ಲಿರುವ ಜೀವಕ್ಕೆ ಧೈರ್ಯ ಹೇಳುವುದೂ ಪ್ರಾರ್ಥನೆಯೇ ಅಂತ ಈ ಹಾಡು ಕಲಿಸಿತು.

ಸೇತುವೆಯ ಆಚೆ, ಹೊಳೆಗೂ ಕಡಲಿಗೂ ನಡುವೆ, ಒಂದು ಊರಿದೆ. ಒಂದು ಬದಿಗೆ ಉಪ್ಪುನೀರು, ಮೇಲೆ ಉರಿಬಿಸಿಲು. ಆದರೂ ನಮ್ಮ ಹಿರಿಯರು ಅದನ್ನು ತಣ್ಣೀರುಬಾವಿ ಅಂತ ಕರೆದರು. ಈಗ ಸಂಜೆಯ ಟ್ರಾಫಿಕ್‌ನಲ್ಲಿ ಆ ಹೆಸರಿನ ಬೋರ್ಡು ಕಂಡಾಗಲೆಲ್ಲ ಹಾರ್ನ್ ಮೇಲಿನ ಕೈ ತೆಗೆಯುತ್ತೇನೆ.